ಕೀಬೋರ್ಡಿನೊಳಗಿನ ಅಕ್ಕಿಕಾಳು

ಗೋಕಾಕದ ನನ್ನ ರಿಪೇರಿ ಅಂಗಡಿಗೆ ಮೊನ್ನೆ ಗೆಳೆಯ ದಸ್ತಗೀರ ತನ್ನ ಕಂಪ್ಯೂಟರಿನ ಹಳೆಯ ಕೀಬೋರ್ಡ್ ತಂದ. ಬೋರಲು ಹಾಕಿ ಬಡಿದೆ. ಧೂಳು, ಬೀಡಿಯ ಬೂದಿ, ಕೊನೆಗೆ ಅರಿಶಿನ ಹಚ್ಚಿದ ಒಂದು ಅಕ್ಕಿಕಾಳು. ಅದು ನನ್ನ ಮದುವೆಯದು ನೋಡ್ರಿ!

ದಸ್ತಗೀರನದು ಕೊಣ್ಣೂರಿನ ಬ್ಯಾಂಡ್ ಮನೆತನ. ಬಾರಿಸುವವರು ಸಿಗದಂತಾದಾಗ ಅವನು ಕಂಪ್ಯೂಟರಿಗೆ ಟ್ರ್ಯಾಕರ್ ಎಂಬ ಸಂಗೀತದ ಸಾಫ್ಟ್‌ವೇರ್ ಹಾಕಿಕೊಂಡ. ಅದರಲ್ಲಿ ಹಾಡು ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಇಳಿಯುತ್ತದೆ. ಪ್ರತಿ ಸ್ವರವನ್ನೂ, ಪ್ರತಿ ಪೆಟ್ಟನ್ನೂ ಕೀಲಿ ಒತ್ತಿ ಅದರ ಸಾಲಿನಲ್ಲಿ ಕೂರಿಸಬೇಕು. ಅಂಥ ಒಂದು ಕಂತೆಗೆ ಪ್ಯಾಟರ್ನ್ ಎನ್ನುತ್ತಾರೆ. ಉಳ್ಳಾಗಡ್ಡಿ ಸಸಿ ಹಚ್ಚುವಷ್ಟೇ ಸೊಂಟ ಮುರಿಯುವ ಕೆಲಸ. ನನ್ನ ಮದುವೆಯ ಹಿಂದಿನ ದಿನ ಅವನಿಗೊಂದು ಅಡ್ಡದಾರಿ ಸಿಕ್ಕಿತು: ಇಡೀ ಪ್ಯಾಟರ್ನನ್ನೇ ಎತ್ತಿ ಬೇಕಾದಲ್ಲಿ ಅಂಟಿಸುವ ಕೀಲಿಗಳು. ಮೆರವಣಿಗೆಯ ಸಂಗೀತವೆಲ್ಲ ಚಹಾ ಆರುವುದರೊಳಗೆ ಮುಗಿಯಿತೆಂದು ಬೀಗಿದ.

ಮುಗಿದದ್ದು ಖರೆ. ಆದರೆ ಆ ಅವಸರದಲ್ಲಿ, ತಾಳಿ ಕಟ್ಟುವಾಗ ಮಾತ್ರ ಮೊಳಗಬೇಕಾದ ಗಟ್ಟಿಮೇಳವನ್ನೂ ಮೆರವಣಿಗೆಯ ನಡುನಡುವೆ ಅಂಟಿಸಿಬಿಟ್ಟಿದ್ದ.

ಹೆಣ್ಣಿನ ಊರು ಹುಕ್ಕೇರಿ. ನಾನು ಕುದುರೆಯ ಮೇಲೆ; ಹಿಂದೆ ಟ್ರ್ಯಾಕ್ಟರಿನಲ್ಲಿ ದಸ್ತಗೀರ, ಕಂಪ್ಯೂಟರು, ಜನರೇಟರು. ನಮ್ಮ ಕಾಕಾ ಹುರುಪಿನಲ್ಲಿ ಹೊರಡುವಾಗಲೇ ಎಲ್ಲರ ಕೈಗೂ ಅಕ್ಷತೆಯ ಅಕ್ಕಿಕಾಳು ಹಂಚಿದ್ದರು. ಬಸ್‌ಸ್ಟ್ಯಾಂಡಿನ ಎದುರು ಗಟ್ಟಿಮೇಳ ಮೊಳಗಿತು. ನಮ್ಮ ಜನಕ್ಕೆ ಅದು ಕಿವಿಗೆ ಬಿದ್ದರೆ ಸಾಕು, ಕೈ ತಾನೇ ಏಳುತ್ತದೆ. ಹೆಣ್ಣು ಎಲ್ಲಿ ಎಂದು ಯಾರೂ ಹುಡುಕುವುದಿಲ್ಲ. ನನ್ನ ಮೇಲೆ, ಕುದುರೆಯ ಮೇಲೆ, ಕಂಪ್ಯೂಟರಿನ ಮೇಲೆ ಅಕ್ಕಿ ಬಿತ್ತು. ಮುಂದಿನ ಓಣಿಯಲ್ಲೂ ಅದೇ. ಮಂಟಪ ಮುಟ್ಟುವಷ್ಟರಲ್ಲಿ ನನಗೂ ಕುದುರೆಗೂ ಮತ್ತೆಮತ್ತೆ ಮದುವೆಯಾಗಿತ್ತು.

ಹೆಣ್ಣಿನ ಅಜ್ಜಿ ಹಟ ಹಿಡಿದರು. ಅಕ್ಕಿ ಬಿದ್ದ ಗಂಡಿಗೆ ಮತ್ತೆ ಅಕ್ಕಿ ಹಾಕಿದರೆ ಎರಡನೇ ಸಂಬಂಧವಾಯಿತು, ಮೊಮ್ಮಗಳನ್ನು ಕೊಡುವುದಿಲ್ಲ ಎಂದರು. ಆಗ ಮದುಮಗಳು ಮಹಾದೇವಿ ತಲೆ ಎತ್ತಿದಳು.

"ಕುದುರೀದು ಆತ ಬಿಡ ಆಯಿ. ನಂದ ಇನ್ನ ಆಗಿಲ್ಲ."

ಅಜ್ಜಿ ನಕ್ಕು ಒಪ್ಪಿದರು. ತಾಳಿ ಕಟ್ಟುವಾಗ ದಸ್ತಗೀರ ಅಡ್ಡದಾರಿ ಬಿಟ್ಟು, ಒಂದೊಂದೇ ಕೀಲಿ ಒತ್ತಿ ಗಟ್ಟಿಮೇಳ ನುಡಿಸಿದ. ಆದರೆ ಕೈಯಲ್ಲಿದ್ದ ಅಕ್ಕಿ ದಾರಿಯಲ್ಲೇ ಮುಗಿದಿತ್ತು. ಉಳಿದದ್ದನ್ನು ಅಡುಗೆಯವರು ಹಂಡೆಗೆ ಸುರಿದಿದ್ದರು. ಜನ ಬರಿಗೈ ಬೀಸಿದರು. ಅಂದಿನಿಂದ ಜಗಳವಾದಾಗಲೆಲ್ಲ ಮಹಾದೇವಿಯದು ಒಂದೇ ಮಾತು: ತನ್ನ ಮದುವೆ ಇನ್ನೂ ಪೂರಾ ಆಗಿಲ್ಲವಂತೆ. ನಗುತ್ತಲೇ ಅನ್ನುತ್ತಾಳೆ, ನನಗೆ ಚುರ್ ಎನ್ನುತ್ತದೆ.

ಆ ಕಾಳನ್ನು ಮನೆಗೆ ಒಯ್ದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ನೆತ್ತಿಯ ಮೇಲೆ ಬಿಟ್ಟೆ. ಬಡಿಯುವ ಕೈ ನಿಂತಿತು. ಹಿಟ್ಟಿನ ಬೆರಳಿನಿಂದ ತಲೆ ಮುಟ್ಟಿಕೊಂಡು ಕಾಳು ನೋಡಿದಳು. ದಸ್ತಗೀರನ ಕೀಬೋರ್ಡಿನೊಳಗಿತ್ತೆಂದೆ, ಅವಳ ಕಣ್ಣು ತುಂಬಿ ಬಂತು.

"ಗಟ್ಟಿಮೇಳ ಎಲ್ಲೈತ್ರಿ?" ಎಂದಳು.

ನಾನು ಹಿಟ್ಟು ನಾದುವ ಖಾಲಿ ಪರಾತ ಎತ್ತಿಕೊಂಡು ಬಾರಿಸತೊಡಗಿದೆ.