ಅವ್ವ ಹೊಡೆದುಹಾಕಿದ ಸಾಲು

ಮೊನ್ನೆ ಅಂಚೆ ಕಚೇರಿಯಲ್ಲಿ ಲಕೋಟೆಗೆ ಅಂಟು ಹಚ್ಚುವಾಗ ಆ ಹುಳಿವಾಸನೆ ಮೂಗಿಗೆ ಬಡಿದು, ಗುಜರಾತಿನ ಕೊಯಾಲಿ ಟೌನ್‌ಶಿಪ್ಪಿನ ನಮ್ಮ ಅಡುಗೆಮನೆ ಕಣ್ಣ ಮುಂದೆ ಬಂತು. ಅಪ್ಪ ರಿಫೈನರಿಯ ಶಿಫ್ಟಿಗೆ ಹೋದ ಮೇಲೆ, ಪ್ರತಿ ಸೋಮವಾರ ಮಧ್ಯಾಹ್ನ, ಅವ್ವ ರೊಟ್ಟಿಯ ಹಂಚನ್ನು ಪಕ್ಕಕ್ಕಿಟ್ಟು ಅದೇ ಕಟ್ಟೆಯ ಮೇಲೆ ಪತ್ರ ಬರೆಯುತ್ತಿದ್ದಳು. ಕಿಟಕಿ ತೆರೆದರೆ ಗ್ಯಾಸಿನ ನಾತ, ಮುಚ್ಚಿದರೆ ಸೆಖೆ. ಅವಳ ಪತ್ರಗಳಿಗೆ ಅಷ್ಟಿಷ್ಟು ಜೋಳದ ಹಿಟ್ಟು ಮೆತ್ತಿಯೇ ಇರುತ್ತಿತ್ತು.

ಗದಗಿನ ಕಡೆಯ ಕ್ರೈಸ್ತರು ನಾವು. ವಡೋದರಾದಲ್ಲಿ ಹದಿನೈದು ಮನೆಗಳ ಕನ್ನಡ ಸಭೆ ಅಲ್ಕಾಪುರಿಯ ಬಾಡಿಗೆ ಹಾಲಿನಲ್ಲಿ ಭಾನುವಾರ ಸೇರುತ್ತಿತ್ತು. ಹೊಸಬರು ಬಂದರೆ ವಿಳಾಸ ಕೇಳಿಕೊಂಡು ಮರುದಿನವೇ ಪತ್ರ ಹಾಕುವುದು ಅವ್ವನ ಕೆಲಸ. ಅದರಲ್ಲಿ ಉಪದೇಶ ಕಡಿಮೆ. ಜೋಳ ಯಾವ ಗಿರಣಿಯಲ್ಲಿ ನುಣ್ಣಗೆ ಬೀಸುತ್ತಾರೆ, ಸ್ಟೇಷನ್ನಿನಿಂದ ಯಾವ ಬಸ್ಸು, ಇಂಥವೇ ಹೆಚ್ಚು. "ಇಲ್ಲಿ ಬ್ಯಾಳಿಗೂ ಬೆಲ್ಲ ಹಾಕ್ತಾರ. ಎರಡು ದಿನ ತಡಕೋರಿ, ಮೂರನೇ ದಿನ ನಮ್ಮನಿಗೆ ಊಟಕ್ಕ ಬರ್ರಿ" ಎಂದು ಬರೆದು ತಾನೇ ನಗುತ್ತಿದ್ದಳು. ಸಭೆಯವರು ಯಾರಾದರೂ ಸತತ ಮೂರು ಭಾನುವಾರ ಬಾರದಿದ್ದರೆ ಅವರಿಗೂ ಒಂದು ಪತ್ರ. ಯಾಕೆ ಬರಲಿಲ್ಲವೆಂದು ಕೇಳುತ್ತಿರಲಿಲ್ಲ. ಯಾವ ಹಾಡು ಹಾಡಿದೆವು, ಅವರ ಕುರ್ಚಿ ಹಾಗೇ ಇದೆ, ಅಷ್ಟೇ.

ನನ್ನ ಅಕ್ಷರ ದುಂಡಗಾದ ಮೇಲೆ ಅವಳು ಹೇಳಿದ್ದನ್ನು ನಾನೇ ಬರೆಯತೊಡಗಿದೆ. ಕಾಯಿಲೆಯವರಿಗಾದರೆ ಕೊನೆಗೆ 'ಬೇಗ ಗುಣವಾಗುತ್ತೀರಿ' ಎಂದು ನಾನೇ ಸೇರಿಸುವ ಚಟ. "ಡಾಕ್ಟರು ಹೇಳ್ಯಾರೇನು?" ಎನ್ನುತ್ತಿದ್ದಳು ಅವ್ವ. ಹೇಳಿದ್ದರೆ ಸಾಲು ಉಳಿಯುತ್ತಿತ್ತು. ಇಲ್ಲದಿದ್ದರೆ ಅದರ ಮೇಲೆ ಗೆರೆ ಎಳೆಯುತ್ತಿದ್ದಳು. "ಸುಳ್ಳು ಆಸೆ ಬರೀಬಾರದು ಮಗಳ. ಗಂಜಿ ತರ್ತೀವಿ ಅಂತ ಬರಿ, ಅದು ನಮ್ಮ ಕೈಯಾಗ ಐತಿ."

ನನಗೆ ಹನ್ನೆರಡಾದಾಗ ಅವ್ವ ಹಾಸಿಗೆ ಹಿಡಿದಳು. ಹೊಟ್ಟೆಯ ಹುಣ್ಣು, ಔಷಧಿಗೆ ಹೋಗುತ್ತದೆ ಎಂದಿದ್ದ ಅಪ್ಪ, ನಾನು ನಂಬಿದ್ದೆ. ಮೂರನೆಯ ಸೋಮವಾರ ಸಭೆಯ ಹಾಜರಿ ಪುಸ್ತಕ ಓದಿ ಹೇಳುತ್ತಿದ್ದಾಗ ಅವಳು ತಡೆದಳು. "ನಂದೂ ಮೂರು ಆದುವಲ್ಲ. ನನಗೂ ಒಂದು ಬರಿ."

ಆಟವೆಂದುಕೊಂಡೇ ಬರೆದೆ. ಅವ್ವನನ್ನು 'ನೀವು' ಎಂದದ್ದು ಅದೊಂದೇ ಸಲ. ಹಾಡುಗಳ ಹೆಸರು ಬರೆದೆ, ಗೋಡೆಯ ಬದಿಯ ನಿಮ್ಮ ಕುರ್ಚಿಯಲ್ಲಿ ಯಾರೂ ಕೂತಿಲ್ಲ ಎಂದೆ, ಕೊನೆಗೆ ನನ್ನ ಸಾಲನ್ನೂ ಸೇರಿಸಿದೆ. ಅವ್ವ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಪೆನ್ನು ಕೇಳಿದಳು. ಡಾಕ್ಟರು ಏನು ಹೇಳಿದರೆಂದು ಈ ಸಲ ಕೇಳಲಿಲ್ಲ. ಕೊನೆಯ ಸಾಲಿನ ಮೇಲೆ ನಿಧಾನವಾಗಿ ಗೆರೆ ಎಳೆದಳು. ನನಗೆ ತಿಳಿಯಿತು. ಮನೆಯಲ್ಲಿ ಯಾರೂ ಹೇಳದೆ ಮುಚ್ಚಿಟ್ಟದ್ದನ್ನು ಅವಳು ಹಾಗೆ ಹೇಳಿದಳು. ನಾನು ಅಳತೊಡಗಿದಾಗ ತಲೆ ಸವರಿ, "ಆ ಕುರ್ಚಿ ಖಾಲಿ ಬಿಡಬ್ಯಾಡ. ನೀ ಕೂಡು" ಎಂದಳು.

ಈಗ ಆ ಸಭೆಯಿಲ್ಲ. ವರ್ಗವಾದವರು, ನಿವೃತ್ತರಾದವರು ಒಬ್ಬೊಬ್ಬರಾಗಿ ಚದುರಿದರು. ನಮ್ಮ ಕ್ವಾರ್ಟರ್ಸಿನಲ್ಲಿ ಯಾರೋ ಇದ್ದಾರೆ. ಆ ಪತ್ರ ಮಾತ್ರ ನನ್ನ ಬಳಿ ಇದೆ. ತೆರೆಯಲು ಇಂದಿಗೂ ಧೈರ್ಯ ಸಾಲದು.

ಅವ್ವನನ್ನು ಮಣ್ಣು ಮಾಡಿದ ಮೇಲಿನ ಭಾನುವಾರ ಹೋಗಿ ಆ ಕುರ್ಚಿಯಲ್ಲಿ ಕೂತೆ. ಏಪ್ರಿಲ್ ತಿಂಗಳು. ಹಾಲಿನಲ್ಲಿದ್ದದ್ದು ಎರಡೇ ಫ್ಯಾನು. ಅವ್ವ ತನಗೆಂದು ಆರಿಸಿಕೊಂಡಿದ್ದ ಆ ಜಾಗಕ್ಕೆ ಮಾತ್ರ ಅವುಗಳ ಗಾಳಿ ತಾಗುತ್ತಿರಲಿಲ್ಲ ಎಂದು ಕೂತ ಮೇಲೆ ಗೊತ್ತಾಯಿತು.