ಅಹೀಗೆ ಬಿದ್ದ ಒಗ್ಗರಣೆ

ಸಿಗರೇಟು, ಎಲೆಯಡಿಕೆ, ಇಸ್ಪೀಟು ಯಾವುದೂ ನನಗೆ ಅಂಟಿಕೊಳ್ಳಲಿಲ್ಲ. ಇರುವ ಚಟ ಒಂದೇ, ಅದು ಒಗ್ಗರಣೆಯದು. ಸಾಸಿವೆ ಸಿಡಿದ ಸದ್ದು ಕಿವಿಗೆ ಬೀಳದಿದ್ದರೆ ಅಡುಗೆ ಮುಗಿದಿದೆ ಎಂದು ನನ್ನ ಮನಸ್ಸು ನಂಬುವುದಿಲ್ಲ. ಆಫೀಸಿನ ಕ್ಯಾಂಟೀನಿನಲ್ಲಿ ಉಗಾಲಿ ಎಂಬ ಮೆಕ್ಕೆಜೋಳದ ಮುದ್ದೆಯ ಜೊತೆ ಕೊಟ್ಟ ಸೊಪ್ಪಿನ ಪಲ್ಯವನ್ನು ಡಬ್ಬಿಗೆ ತುಂಬಿಕೊಂಡು ಮನೆಗೆ ತಂದು, ಇಂಗು ಸಾಸಿವೆ ಹಾಕಿ ತಿಂದವನು ನಾನು. ಹೆಂಡತಿ ವಸುಧಾ ಇದನ್ನು ಕಾಯಿಲೆ ಅನ್ನುತ್ತಾಳೆ. ನಾನು ಸಂಸ್ಕಾರ ಅನ್ನುತ್ತೇನೆ. ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ಈ ವಿಷಯದಲ್ಲಿ ನಮ್ಮಿಬ್ಬರಿಗೆ ಒಮ್ಮತ ಮೂಡಿಲ್ಲ.

ಇಂಥ ನನಗೆ ಸಿಕ್ಕ ಕೆಲಸವಾದರೂ ಎಂಥದು ನೋಡಿ. ಸ್ವಾಹಿಲಿ ಮಾತಾಡುವ ಈ ಪರದೇಶದ ನಗರದಲ್ಲಿ, ಅಪ್ಪರ್ ಹಿಲ್‌ನ ಒಂದು ಗಾಜಿನ ಕಟ್ಟಡದ ಆರನೇ ಮಹಡಿಯಲ್ಲಿ ಕೂತು, ಹಳ್ಳಿಗಳಿಗೆ ಹೋಗಲಿರುವ ನಮ್ಮ ಸಂಸ್ಥೆಯ ಹೊಸಬರಿಗೆ ತರಬೇತಿ ಕೊಡುತ್ತೇನೆ. ತರಬೇತಿಯ ಸಾರ ಇಷ್ಟೇ: ಅಲ್ಲಿಯ ಜನ ತಲೆತಲಾಂತರದಿಂದ ಮಾಡಿಕೊಂಡು ಬಂದದ್ದನ್ನು ಹೊರಗಿನಿಂದ ಹೋದವರು ತಿದ್ದಲು ಹೋಗಬಾರದು, ಕೈಕಟ್ಟಿ ನಿಂತು ಕಲಿಯಬೇಕು. ಇದನ್ನು ನಾನು ಬಹಳ ಚೆನ್ನಾಗಿ ಹೇಳುತ್ತೇನೆ. ಕೆಲವರು ಬರೆದುಕೊಳ್ಳುತ್ತಾರೆ ಕೂಡ.

ಅದೇ ನಗರದ ಕಿಲೆಲೆಶ್ವಾ ಬಡಾವಣೆಯಲ್ಲಿ ನಮ್ಮ ಫ್ಲ್ಯಾಟಿನ ಎದುರು ಬಾಗಿಲಿನವಳು ಮಾರ್ತಾ. ಕೊಲಂಬಿಯಾದವಳು, ಮೂವತ್ತರ ಆಸುಪಾಸು, ಒಂಟಿ. ಜಲಾಶಯಗಳ ಎಂಜಿನಿಯರು. ಅಣೆಕಟ್ಟು ಕಟ್ಟಬಲ್ಲಳು, ಆದರೆ ಅನ್ನ ಬಿಟ್ಟರೆ ಬೇರೇನೂ ಬೇಯಿಸಲು ಬಾರದು. ಅವಳು ಬಂದ ಹೊಸದರಲ್ಲಿ ವಸುಧಾ ಒಂದು ಬಟ್ಟಲು ಕೊತ್ತಂಬರಿ ಚಟ್ನಿ ಕೊಟ್ಟಿದ್ದಳು. ಆ ಭಾನುವಾರ ಮಾರ್ತಾಳ ತಾಯಿ ಫೋನಿನ ವಿಡಿಯೋದಲ್ಲಿ ಮೇಜಿನ ಮೇಲಿದ್ದ ಹಸಿರು ಬಟ್ಟಲನ್ನು ಕಂಡು, ಅಹೀ ಮಾಡಿದ್ದೀಯಾ ಎಂದು ಹಿಗ್ಗಿಬಿಟ್ಟರಂತೆ. ಇವಳು ಹೂಂ ಅಂದಳಂತೆ.

ಅಹೀ ಅಂದರೆ ಅವರ ಕಡೆಯ ಖಾರದ ವ್ಯಂಜನ. ಕೊತ್ತಂಬರಿ, ಈರುಳ್ಳಿ ಸೊಪ್ಪು, ಟೊಮೆಟೊ, ಮೆಣಸಿನಕಾಯಿ ಎಲ್ಲವನ್ನೂ ಸಣ್ಣಗೆ ಹೆಚ್ಚಿ, ವಿನೆಗರ್, ನಿಂಬೆರಸ, ಉಪ್ಪು, ಸ್ವಲ್ಪ ನೀರು, ಒಂದು ಹನಿ ಎಣ್ಣೆ ಸೇರಿಸಿದರೆ ಆಯಿತು. ಅದು ಮೇಜಿನ ಮೇಲಿಲ್ಲದ ಮನೆಯಲ್ಲಿ ಸರಿಯಾದ ಊಟ ನಡೆಯುತ್ತಿಲ್ಲ ಎಂಬುದು ತಾಯಿಯ ತೀರ್ಮಾನ. ಮಗಳು ದೇಶ ಬಿಡುವಾಗ ಅವರು ಹಾಕಿದ ಷರತ್ತೂ ಒಂದೇ: ಹೊಟ್ಟೆ ನೋಡಿಕೊಳ್ಳಲು ಆಗದಿದ್ದರೆ ಕೆಲಸ ಬಿಟ್ಟು ಮನೆಗೆ ಬಂದುಬಿಡಬೇಕು. ಹೀಗಾಗಿ ಎರಡು ವರ್ಷ ಪ್ರತಿ ಭಾನುವಾರ ನಮ್ಮ ಮೈಸೂರಿನ ಚಟ್ನಿ ಅಹೀ ವೇಷ ಹಾಕಿಕೊಂಡು ವಿಡಿಯೋದಲ್ಲಿ ಕಾಣಿಸಿಕೊಂಡಿತು. ವೇಷಕ್ಕೆ ಚ್ಯುತಿ ಬರಬಾರದೆಂದು ಆ ದಿನ ಮಾತ್ರ ನಾನು ಒಗ್ಗರಣೆ ಇಲ್ಲದ ಚಟ್ನಿಯನ್ನು ಸಹಿಸುತ್ತಿದ್ದೆ.

ಕಳೆದ ಜೂನಿನಲ್ಲಿ ತಾಯಿಯೇ ಹೊರಟು ನಿಂತರು. ಮಾರ್ತಾ ಬಿಳಿಚಿಕೊಂಡು ನಮ್ಮ ಮನೆಗೆ ಬಂದಳು. ಅಮ್ಮ ಒಂದು ಚಮಚ ಬಾಯಿಗೆ ಇಟ್ಟರೆ ಸಾಕು, ಎರಡು ವರ್ಷದ ಸುಳ್ಳು ಬಯಲಾಗುತ್ತದೆ, ಕೈಹಿಡಿದು ವಿಮಾನ ಹತ್ತಿಸುತ್ತಾರೆ ಎಂದಳು. ಕೆಲಸ ಬಿಡಲು ಅವಳಿಗೆ ಸುತರಾಂ ಇಷ್ಟವಿರಲಿಲ್ಲ. ಅವಳ ಅಣೆಕಟ್ಟು ಇನ್ನೂ ಅರ್ಧವಾಗಿತ್ತು. ಚಿಕ್ಕಮ್ಮನಿಂದ ಗುಟ್ಟಾಗಿ ಅಹೀ ಮಾಡುವ ಕ್ರಮವನ್ನೇನೋ ತರಿಸಿಕೊಂಡಿದ್ದಳು. ಆದರೆ ಅವಳ ಮನೆಯಲ್ಲಿದ್ದ ಚಾಕು ಕೇಕಿಗಿಂತ ಗಟ್ಟಿಯಾದ ಯಾವುದನ್ನೂ ಕಂಡಿರಲಿಲ್ಲ. ನಾನು ಎದೆಯುಬ್ಬಿಸಿ, ಚಟ್ನಿ ಕುಲದವರು ನಾವು, ನನಗೆ ಬಿಡು ಅಂದೆ.

ತಾಯಿ ಬಂದಿಳಿಯುವ ಶನಿವಾರ ಬೆಳಿಗ್ಗೆ ವಸುಧಾ ಪಾಠ ಮಾಡುವ ಶಾಲೆಯಲ್ಲಿ ಪೋಷಕರ ಸಭೆಯಿತ್ತು. ಹೊರಡುವಾಗ ಬಾಗಿಲಲ್ಲಿ ನಿಂತು, "ರೀ, ಅವ್ಳು ಹೇಳಿದಷ್ಟು ಮಾಡಿ, ಸಾಕು. ನಿಮ್ ಕೈ ಸುಮ್ನಿರಲ್ಲ ಅಂತ ಗೊತ್ತು, ಅದಕ್ಕೇ ಹೇಳ್ತಿದೀನಿ," ಅಂದಳು. ನನಗೆ ಸ್ವಲ್ಪ ಅವಮಾನವಾಯಿತು. ಆರನೇ ಮಹಡಿಯಲ್ಲಿ ನಾನು ಏನು ಪಾಠ ಮಾಡುತ್ತೇನೆ ಎಂಬುದನ್ನು ನೆನಪಿಸಿದೆ. ಅವಳು ಅಷ್ಟರಲ್ಲಿ ಲಿಫ್ಟಿನೊಳಗಿದ್ದಳು.

ಗೇಟಿನ ಬಳಿ ತರಕಾರಿ ಮಾರುವ ಅಮ್ಮನ ಹತ್ತಿರ ಇದ್ದ ಕೊತ್ತಂಬರಿಯನ್ನೆಲ್ಲ ತಂದೆ. ಇಲ್ಲಿಯವರೂ ಅದನ್ನು ದನಿಯಾ ಎಂದೇ ಕರೆಯುತ್ತಾರೆ, ಕೇಳಿದಾಗಲೆಲ್ಲ ಸಂಬಂಧಿಕರು ಸಿಕ್ಕಷ್ಟು ಖುಷಿಯಾಗುತ್ತದೆ. ಮೆಣಸಿನಕಾಯಿಗೆ ಮಾತ್ರ ಆಕೆ ಎರಡು ಸಲ ನನ್ನ ಮುಖ ನೋಡಿದರು. ಗುಂಡಗೆ, ಸುಕ್ಕುಸುಕ್ಕಾಗಿ, ಹಣ್ಣಿನ ಪರಿಮಳ ಬೀರುವ ಜಾತಿ ಅದು. ಖಾರ ಜಾಸ್ತಿ ಎಂದು ಎಚ್ಚರಿಸಿದರು. ನಾವು ಹುಟ್ಟಿದ್ದೇ ಖಾರದಲ್ಲಿ ಎಂದು ಸ್ವಾಹಿಲಿಯಲ್ಲಿ ಹೇಳಲು ಬಾರದೆ, ಅಸಾಂಟೆ, ಅಂದರೆ ಥ್ಯಾಂಕ್ಸ್, ಎಂದಷ್ಟೇ ನಕ್ಕು ಬಂದೆ. ಎರಡನೇ ಕಾಯಿ ಹೆಚ್ಚುವಾಗ ಮರೆತು ಕಣ್ಣುಜ್ಜಿಕೊಂಡೆ. ಮುಂದಿನ ಕಾಲು ಗಂಟೆ ಒಂದೇ ಕಣ್ಣಿನವನಾಗಿ ಕೆಲಸ ಮಾಡಿದೆ.

ಅಳುತ್ತಾ ಹೆಚ್ಚುವಾಗ ಯೋಚನೆಗಳು ದೊಡ್ಡವಾಗುತ್ತವೆ. ಮೆಣಸಿನಕಾಯಿ ಮೂಲತಃ ಮಾರ್ತಾಳ ಪೂರ್ವಿಕರ ಕಡೆಯದು. ಪೋರ್ಚುಗೀಸರ ಹಡಗು ಅದನ್ನು ತರುವ ಮುಂಚೆ ನಮ್ಮ ಮುತ್ತಜ್ಜಿಯರ ಮುತ್ತಜ್ಜಿಯರು ಕರಿಮೆಣಸಿನಲ್ಲೇ ಸಂಸಾರ ತೂಗಿಸಿದವರು. ಬ್ಯಾಡಗಿಯ ಹೆಸರು ಕೇಳಿ ಬೀಗುವ ನಾವು ಇಷ್ಟು ಕಾಲವೂ ಪರರ ಕಾಯನ್ನೇ ಅರೆಯುತ್ತಿದ್ದೇವೆ. ಹಾಗೆಯೇ ಕೊತ್ತಂಬರಿ ನಮ್ಮ ಕಡೆಯ ನೆಲಗಳಿಂದ ಸಮುದ್ರ ದಾಟಿ ಅವರ ಅಡುಗೆಮನೆ ಸೇರಿದೆ. ಹೀಗೆ ನೋಡಿದರೆ ಕೊಲಂಬಿಯಾದ ಅಹೀಗೂ ಮೈಸೂರಿನ ಚಟ್ನಿಗೂ ಹಳೆಯ ಬೀಗತನವೇ ಇದೆ. ಈ ಜ್ಞಾನೋದಯವೇ ಮುಂದಿನ ಅನಾಹುತಕ್ಕೆ ಕಾರಣವೆಂದು ನನ್ನ ವಾದ.

ಮಾರ್ತಾ ಬಂದು, ರುಚಿ ನೋಡಿ, ಚಿಕ್ಕಮ್ಮ ಹೇಳಿದ ಹಾಗೇ ಬಂದಿದೆ ಎಂದು ನನ್ನ ಕೈ ಕುಲುಕಿದಳು. ಇನ್ನು ಮುಟ್ಟಬೇಡಿ, ಒಲೆ ಹಚ್ಚುವ ಕೆಲಸವೇ ಇಲ್ಲ ಎಂದು ಹೇಳಿ ವಿಮಾನ ನಿಲ್ದಾಣಕ್ಕೆ ಹೋದಳು. ಮನೆಯಲ್ಲಿ ನಾನು ಮತ್ತು ಅಹೀ ಇಬ್ಬರೇ ಉಳಿದೆವು. ಅದನ್ನೇ ನೋಡುತ್ತಾ ಕೂತೆ. ಬಣ್ಣ ಚೆನ್ನಾಗಿತ್ತು, ಪರಿಮಳ ಚೆನ್ನಾಗಿತ್ತು. ಆದರೂ ಶರಟು ಹಾಕದೆ ಮದುವೆಗೆ ಹೊರಟವನ ಹಾಗೆ ಕಾಣುತ್ತಿತ್ತು. ಕಣ್ಣೆದುರೇ ಒಗ್ಗರಣೆ ಸೌಟು ನೇತಾಡುತ್ತಿತ್ತು. ಒಂದೇ ಒಂದು ಚಮಚ ಎಣ್ಣೆ, ನಾಲ್ಕು ಕಾಳು ಸಾಸಿವೆ, ಗೊತ್ತೇ ಆಗದಷ್ಟು ಇಂಗು ಎಂದುಕೊಂಡೆ. ಕೈ ಕರಿಬೇವಿನ ಡಬ್ಬಿಗೂ ಹೋಯಿತು.

ಚುಂಯ್ ಎಂದಿತು. ನಾಲ್ಕೈದು ಕ್ಷಣ ನಾನು ಪರಮಸುಖಿಯಾಗಿದ್ದೆ. ಆಮೇಲೆ ಮಾರ್ತಾಳ ಅಣೆಕಟ್ಟು ನೆನಪಾಯಿತು. ಚಮಚದ ತುದಿಯಿಂದ ಸಾಸಿವೆಯನ್ನು ಒಂದೊಂದಾಗಿ ಹೆಕ್ಕತೊಡಗಿದೆ. ಹದಿನೇಳು ಸಿಕ್ಕವು, ಉಳಿದವು ಕೊತ್ತಂಬರಿಯ ಅಡಿಗೆ ತಲೆಮರೆಸಿಕೊಂಡವು. ಇಂಗಿನ ವಾಸನೆಯನ್ನಂತೂ ಹೆಕ್ಕಲು ಯಾರಿಗೂ ಸಾಧ್ಯವಿಲ್ಲ. ಗೇಟಿಗೆ ಓಡಿದೆ. ದನಿಯಾ ಮುಗಿಯಿತು, ನೀವೇ ಒಯ್ದಿರಲ್ಲ ಎಂದರು ಆಕೆ. ತಿರುಗಿ ಬರುವಷ್ಟರಲ್ಲಿ ಮಾರ್ತಾಳ ಟ್ಯಾಕ್ಸಿ ಒಳಗೆ ಬಂತು.

ಮಾರ್ತಾಳ ಮನೆಯಲ್ಲಿ ಊಟಕ್ಕೆ ನಾವು ನಾಲ್ವರು. ಮಾರ್ತಾಳ ತಾಯಿ ರೊಸಾಲ್ಬಾ ಗಿಡ್ಡಗೆ, ಗಟ್ಟಿಮುಟ್ಟಾಗಿದ್ದರು. ಅವರಿಗೆ ಸ್ಪ್ಯಾನಿಷ್ ಮಾತ್ರ ಬರುತ್ತಿತ್ತು, ಮಾರ್ತಾ ಇಂಗ್ಲಿಷಿಗೆ ತಿರುಗಿಸಿ ಹೇಳುತ್ತಿದ್ದಳು. ಬಟ್ಟಲಿನ ಮುಚ್ಚಳ ತೆಗೆದ ಕೂಡಲೇ ವಸುಧಾಳ ಮೂಗು ಅರಳಿತು, ಅವಳು ನನ್ನ ಕಡೆ ತಿರುಗಿದಳು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ಓದತೊಡಗಿದೆ. ರೊಸಾಲ್ಬಾ ಒಂದು ಚಮಚ ಬಾಯಿಗೆ ಇಟ್ಟರು. ಅಗಿದರು. ಸಾಸಿವೆಯೊಂದು ಹಲ್ಲಿಗೆ ಸಿಕ್ಕಿದ್ದು ನನಗೇ ಕೇಳಿಸಿದ ಹಾಗಾಯಿತು. ಚಮಚ ಕೆಳಗಿಟ್ಟು ಮಗಳಿಗೆ ಏನೋ ಅಂದರು.

ಮಾರ್ತಾ ತಲೆ ತಗ್ಗಿಸಿದಳು. ಅನುವಾದವಿಲ್ಲದೆಯೂ ಅರ್ಥವಾಯಿತು. ನಾನು ತಡೆಯಲಾರದೆ, ತಪ್ಪು ನನ್ನದು, ಅವಳದ್ದಲ್ಲ ಎಂದು ಒಪ್ಪಿಕೊಂಡೆ. ಅವಳೂ ಅಳುತ್ತಾ ಎರಡು ವರ್ಷದ ಚಟ್ನಿಯ ಕಥೆಯನ್ನೆಲ್ಲ ಬಿಚ್ಚಿಟ್ಟಳು. ನನ್ನ ನಾಲ್ಕು ಕಾಳು ಸಾಸಿವೆಯಿಂದ ಒಬ್ಬ ಹುಡುಗಿಯ ಬದುಕು ಊರಿಗೆ ವಾಪಸಾಗುತ್ತದೆ ಎಂದು ನನಗೆ ನಿಜವಾಗಿಯೂ ಸಂಕಟವಾಯಿತು.

ರೊಸಾಲ್ಬಾ ನಿಧಾನವಾಗಿ ಮಾತನಾಡಿದರು. ಮಾರ್ತಾ ಮೂಗೊರೆಸಿಕೊಳ್ಳುತ್ತಾ ಹೇಳಿದಳು. ಮೊದಲ ಭಾನುವಾರವೇ ಅವರಿಗೆ ಗೊತ್ತಾಗಿತ್ತಂತೆ. ಅಹೀ ಚಮಚದಿಂದ ಜಾರುತ್ತದೆ, ಮಗಳು ತೋರಿಸಿದ್ದು ಚಮಚಕ್ಕೆ ಅಂಟಿಕೊಂಡಿತ್ತು. ಅಷ್ಟು ನುಣ್ಣಗೆ ಅರೆಯುವ ತಾಳ್ಮೆ ಇವಳಿಗಿಲ್ಲ ಎಂದೂ ಗೊತ್ತಿತ್ತು. ಅಂದರೆ ಆ ದೇಶದಲ್ಲಿ ಯಾರೋ ಒಬ್ಬರು ಪ್ರತಿ ವಾರ ನನ್ನ ಮಗಳಿಗಾಗಿ ಅರೆಯುತ್ತಿದ್ದಾರೆ ಎಂದುಕೊಂಡು ಎರಡು ವರ್ಷ ನೆಮ್ಮದಿಯಾಗಿ ನಿದ್ದೆ ಮಾಡಿದೆ ಎಂದರು. ವಸುಧಾ ಎದ್ದು ಹೋಗಿ ಅವರ ಪಕ್ಕದ ಕುರ್ಚಿಯಲ್ಲಿ ಕೂತಳು. ಊರಿಗೆ ವಾಪಸಾಗುವ ಮಾತನ್ನು ಯಾರೂ ಎತ್ತಲಿಲ್ಲ.

ಆಮೇಲೆ ನನ್ನ ಸರದಿ. ಈ ಕಪ್ಪು ಕಾಳನ್ನು ಯಾಕೆ ಹಾಕಿದಿರಿ ಎಂದು ಮಗಳಿಂದ ಕೇಳಿಸಿದರು. ಸಂಸ್ಕಾರ, ಬೀಗತನ, ಪೋರ್ಚುಗೀಸರು ಎಲ್ಲ ನಾಲಿಗೆಯ ತುದಿಗೆ ಬಂದವು. ಆದರೆ ನಿಜವನ್ನೇ ಹೇಳಿದೆ: "ಚೆನ್ನಾಗಿಯೇ ಇತ್ತು. ಆದರೆ ಅಷ್ಟಕ್ಕೇ ಬಿಡೋಕೆ ಮನಸ್ಸಾಗಲಿಲ್ಲ."

ಮಾರ್ತಾ ತಿರುಗಿಸಿ ಹೇಳಿದಳು. ರೊಸಾಲ್ಬಾ ಮೊದಲ ಬಾರಿಗೆ ನಕ್ಕರು. "ನನ್ನ ಮಗಳೂ ಇಲ್ಲಿ ಚೆನ್ನಾಗಿಯೇ ಇದ್ದಳು," ಅಂದರು. "ನನಗೂ ಅಷ್ಟಕ್ಕೇ ಬಿಡೋಕೆ ಮನಸ್ಸಾಗಲಿಲ್ಲ. ಅದಕ್ಕೇ ಬಂದೆ."

ಹಾಗೆಂದು ಅವರು ನನ್ನನ್ನು ಕ್ಷಮಿಸಿದರು ಎಂದು ತಿಳಿಯಬೇಡಿ. ಮರುದಿನ ಬೆಳಿಗ್ಗೆ ನಮ್ಮ ಅಡುಗೆಮನೆಗೇ ಬಂದು, ನನ್ನ ಮುಂದೆ ಒಂದು ರಾಶಿ ಈರುಳ್ಳಿ ಸೊಪ್ಪು ಸುರಿದು, ಹೆಚ್ಚಲು ಸನ್ನೆ ಮಾಡಿದರು. ಅದಕ್ಕೆ ಮೊದಲು ಗ್ಯಾಸಿನ ಲೈಟರನ್ನು ತೆಗೆದು ತಮ್ಮ ಕೈಚೀಲದೊಳಗೆ ಇಟ್ಟುಕೊಂಡು, ಜಿಪ್ಪು ಎಳೆದರು.