ಇಳಿದ ಮುಳ್ಳು

ಮುಳ್ಳು ಇಳಿಯಿತು! ನಮ್ಮ ಹಳೇ ಲಾರಿಯ ಡೀಸೆಲ್ ಮುಳ್ಳು ಇವತ್ತು ಮಧ್ಯಾಹ್ನ ಫುಲ್ಲಿನ ಗೆರೆ ಬಿಟ್ಟು ಸರ್ರನೆ ಕಾಲು ಟ್ಯಾಂಕಿಗೆ ಇಳಿಯಿತು. ಇರುವುದು ಕಡಿಮೆ ಎಂದು ತಿಳಿದು ಕುಣಿದ ಮುದುಕ ಪುಟ್ಟೇನಹಳ್ಳಿಗೆಲ್ಲ ನಾನೊಬ್ಬನೇ ಇರಬೇಕು.

ಹೊಲವಿದ್ದ ಕಾಲದಲ್ಲಿ ಇದೇ ಲಾರಿಯಲ್ಲಿ ಸೊಪ್ಪು ಹೇರಿಕೊಂಡು ಮಾರ್ಕೆಟ್ಟಿಗೆ ಹೋಗುತ್ತಿದ್ದೆ. ಹೊಲಗಳೆಲ್ಲ ಮನೆಗಳಾದವು, ಲಾರಿ ಲಾರಿಯಾಗಿಯೇ ಉಳಿಯಿತು. ಲಾರಿ ಹೊರಗೆ ಹೋಗುವುದೇ ಅಪರೂಪವಾದ ಎರಡು ವರ್ಷದಿಂದ ಫುಲ್ಲಿನಲ್ಲೇ ನಿಂತಿದ್ದ ಆ ಮುಳ್ಳು ಹೋದ ವಾರ ನನ್ನನ್ನು ನಂಬಿಸಿ, ಜಯನಗರದ ಸಿಗ್ನಲ್ಲಿನಲ್ಲಿ ಖಾಲಿ ಟ್ಯಾಂಕಿನೊಂದಿಗೆ ಕೈಬಿಟ್ಟಿತು. ಸ್ಟೀರಿಂಗ್ ಹಿಡಿದಿದ್ದು ಹಿಂದಿನ ಗಾಡಿಯವರ ಬೈಗುಳ ತಿಂದ ಮಗ, ಮುಳ್ಳು ಸರಿಹೋಗದಿದ್ದರೆ ಭಾನುವಾರ ಗುಜರಿಗೆ ಎಂದುಬಿಟ್ಟ. ಇವತ್ತು ಶನಿವಾರ.

ಲಿಫ್ಟ್ ರಿಪೇರಿ ಕೆಲಸದಲ್ಲಿರುವ ಮೊಮ್ಮಗಳು ಸುಮ ಬೆಳಿಗ್ಗೆಯೇ ಲಾರಿಯಡಿ ನುಸುಳಿದಳು. ಮೀಟರು ತಟ್ಟಿದಳು, ತಂತಿ ಎಳೆದು ನೋಡಿದಳು, ಟ್ಯಾಂಕಿನೊಳಗೆ ಡೀಸೆಲ್ ಮೇಲೆ ತೇಲುವ ಫ್ಲೋಟು ತೆಗೆದು ಆಡಿಸಿದಳು. ಎಲ್ಲವೂ ಸರಿ. ನಾನು ಟಾರ್ಚನ್ನೂ ಜೀವವನ್ನೂ ಒಟ್ಟಿಗೆ ಹಿಡಿದುಕೊಂಡು ಕೂತಿದ್ದೆ.

"ತಾತ, ಅರ್ಥ್ ಸಿಕ್ತಿಲ್ಲ."

"ನಂಗೂ ಅರ್ಥ ಆಗ್ತಿಲ್ಲ ಕಣವ್ವ."

ಲಾರಿಯಡಿಯಿಂದ ನಗು ಕೇಳಿಸಿತು. "ಆ ಅರ್ಥ ಅಲ್ಲ. ಅರ್ಥ್ ಅಂದ್ರೆ ನೆಲ. ಟ್ಯಾಂಕಿನ ಕರೆಂಟು ಈ ಸ್ಕ್ರೂನಿಂದ ಲಾರಿಯ ಕಬ್ಬಿಣಕ್ಕೆ ಇಳೀಬೇಕು. ನೀನು ಮಧ್ಯ ಬಣ್ಣ ತುಂಬಿಟ್ಟಿದ್ದೀಯ."

ಹೌದು, ನಾನೇ. ಪ್ರತಿ ಆಯುಧಪೂಜೆಗೂ ಬಿಚ್ಚಿ, ತೊಳೆದು, ಮೂಲೆಮೂಲೆಗೂ ಕುಂಚ ಆಡಿಸಿದವನು. ದೇವರ ಮುಂದೆ ತುಕ್ಕು ಕಾಣಬಾರದೆಂದು ಸ್ಕ್ರೂವಿನ ತಳವನ್ನೂ ಬಿಡದವನು. ಅವಳು ಬ್ಲೇಡಿನಿಂದ ಕೆರೆದಂತೆ ಹಳದಿ, ಅದರಡಿ ಹಸಿರು, ಅದರಡಿ ನೀಲಿ, ನನ್ನ ಹಬ್ಬಗಳೆಲ್ಲ ಪುಡಿಯಾಗಿ ಉದುರಿದವು. ಕೊನೆಗೆ ಕಬ್ಬಿಣ ಹೊಳೆಯಿತು, ಮುಳ್ಳು ಇಳಿಯಿತು.

ನಾನು ನಾಲ್ಕನೇ ಕ್ಲಾಸು ಕಂಡವನು ಸ್ವಾಮಿ. ಅರ್ಥವೆಂಬುದು ಓದಿದವರ ಪುಸ್ತಕದಲ್ಲಿರುತ್ತದೆ ಎಂದುಕೊಂಡಿದ್ದೆ. ನೆಲ ಮುಟ್ಟಿದರೆ ಸಿಗುತ್ತದಂತೆ! ನೆಲ ತಪ್ಪಿದ ಮುಳ್ಳು ಮಾತ್ರ ಬರಿದಾದರೂ ತುಂಬಿದ್ದೇನೆ ಅನ್ನುತ್ತಲೇ ಇರುತ್ತದೆ.

ಸಂಜೆ ಮಗ ಬಂದ, ಮುಳ್ಳನ್ನೇ ನೋಡುತ್ತ ನಿಂತ, ಆಮೇಲೆ ಕೈ ಚಾಚಿದ. "ಕೀ ಕೊಡಪ್ಪ. ಡೀಸೆಲ್ ಹಾಕಿಸ್ಕೊಂಡು ಬರ್ತೀನಿ."

ರಾತ್ರಿ ಎಲ್ಲರೂ ಸಾಲಾಗಿ ಊಟಕ್ಕೆ ಕೂತೆವು. ಸೊಪ್ಪಿನ ಸಾರು, ಮುದ್ದೆ. ನನ್ನಾಕೆ ಎಂದಿನಂತೆ ಇನ್ನೊಂದು ಮುದ್ದೆ ಬೇಕೇ ಎಂದಳು. ತಿನ್ನುವ ಬಾಯಿ ಹೆಚ್ಚಿದ್ದ ಕಾಲದಿಂದಲೂ ಹೊಟ್ಟೆ ತುಂಬಿತೆಂದು ತಟ್ಟೆಗೆ ಕೈ ಅಡ್ಡ ಹಿಡಿಯುವುದು ನನ್ನ ಅಭ್ಯಾಸ. ಇವತ್ತು ಕೈ ತೆಗೆದೆ.

"ಇನ್ನೂ ಕಾಲು ಟ್ಯಾಂಕೇ ಕಣೆ, ಹಾಕು."